ಮೈಕಿನವನ ಲಗ್ನದ ವಿಚಾರ

ಮದುವೆಗಳಲ್ಲಿ ಮೈಕು ಹಿಡಿದು ನಿಲ್ಲುವವನ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ, ಬೇಡವೆಂದರೂ ಬಿಡುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕಿನಲ್ಲಿ ಯಾರದೇ ಲಗ್ನವಿರಲಿ, "ವಧೂವರರನ್ನು ಹರಸಲು ಆಗಮಿಸಿದ ಸಮಸ್ತ ಬಂಧುಗಳಿಗೆ ಸುಸ್ವಾಗತ" ಎಂಬ ಗಡಸು ದನಿ ಕೇಳಿದರೆ ಅದು ನನ್ನದೆಂದು ತಿಳಿಯಿರಿ. ಸ್ವಂತ ಮೈಕ್ ಸೆಟ್ ಇದೆ, ನಾಲ್ಕು ದೊಡ್ಡ ಸ್ಪೀಕರ್ ಡಬ್ಬಿಗಳಿವೆ, ಅವನ್ನು ಹೊರಲು ಒಂದು ಸಣ್ಣ ಟೆಂಪೊ, ಟೆಂಪೊಗೆ ಒಬ್ಬ ಡ್ರೈವರ್ ಕಾಕಾ. ಹದಿನಾಲ್ಕು ವರ್ಷದಿಂದ ಊರವರ ಲಗ್ನ ಮಾಡಿಸುತ್ತಿದ್ದೇನೆ. ನನ್ನದೊಂದು ಉಳಿದಿದೆ.

ವಯಸ್ಸು ಮೂವತ್ತಾರು. ಹೆಣ್ಣು ಸಿಗಲಿಲ್ಲ ಎಂದರೆ ಜನ ಥಟ್ಟನೆ ನಂಬುತ್ತಾರೆ, ಈಗ ನಮ್ಮ ಕಡೆ ಮನೆಮನೆಗೂ ಅದೇ ಗೋಳು. ಆದರೆ ನನ್ನ ವಿಷಯದಲ್ಲಿ ಅದು ಸುಳ್ಳು. ಹೆಣ್ಣು ಸಿಕ್ಕಿತ್ತು. ಮಾಡಿಕೊಳ್ಳಲೋ ಬಿಡಲೋ ಎಂದು ನಾನೇ ವಿಚಾರ ಮಾಡುತ್ತ ಕುಳಿತೆ. ಆ ವಿಚಾರದ ಗತಿ ಏನಾಯಿತೆಂಬುದನ್ನು ಬರೆಯುತ್ತಿದ್ದೇನೆ. ನಗು ಬಂದರೆ ನಗಿ, ನನಗೆ ಬೇಜಾರಿಲ್ಲ. ನಾನು ಅಳಬೇಕೆಂದು ಕುಳಿತಾಗಲೂ ನಡುವೆ ನಗು ಬಂದು ಕೆಲಸ ಕೆಡುತ್ತಿದೆ.

ಅವಲಕ್ಕಿ ಸಾಲಲಿಲ್ಲ

ಚಳಿ ಮುಗಿಯುತ್ತ ಬಂದಿತ್ತು. ನಾನು, ಅವ್ವ, ಡ್ರೈವರ್ ಕಾಕಾ ಮೂವರೂ ಬೆಲ್ಲದ ಬಾಗೇವಾಡಿಗೆ ಕನ್ಯಾ ನೋಡಲು ಹೋದೆವು. ಹುಡುಗಿ ಘಟಪ್ರಭಾದ ಒಂದು ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡುವ ಕೆಲಸದಲ್ಲಿದ್ದಳು. ಅವಳಪ್ಪನಿಗೆ ನಾಲ್ಕು ಎಕರೆ ಕಬ್ಬು. ಪಡಸಾಲೆಯಲ್ಲಿ ಜಮಖಾನೆ ಹಾಸಿ ನಮ್ಮನ್ನು ಕೂರಿಸಿದರು, ಅವಲಕ್ಕಿ ಬಂತು, ಚಹಾ ಬಂತು.

ಸಾಮಾನ್ಯವಾಗಿ ಇಂಥಲ್ಲಿ ಹುಡುಗಿಗೆ ನಡೆದು ತೋರಿಸು, ಓದಿ ತೋರಿಸು ಎನ್ನುತ್ತಾರೆ. ಇಲ್ಲಿ ಪರೀಕ್ಷೆ ನನಗೆ ಬಂತು.

"ನಿಮ್ಮ ಧ್ವನಿ ಎಲ್ಲಾ ಲಗ್ನದಾಗೂ ಕೇಳೇವ್ರಿ, ಮಾರಿ ಮಾತ್ರ ಇವತ್ತ ನೋಡಾಕತ್ತೇವಿ" ಎಂದ ಹುಡುಗಿಯ ಅಪ್ಪ. "ಅದ ಮನಷ್ಯಾ ಹೌದೋ ಅಲ್ಲೋ, ಖಾತ್ರಿ ಆಗಬೇಕಲ್ರಿ? ಒಂದೀಟ ಕೂಗಿ ತೋರಸ್ರಿ."

ನಾನು ಗಂಟಲು ಸರಿಮಾಡಿಕೊಂಡೆ. ಬಾಯಿಗೆ ರೂಢಿಯಾದದ್ದೇ ಮೊದಲು ಬಂತು. "ಬಂಧುಗಳೇ, ಊಟದ ವ್ಯವಸ್ಥೆ ಸಿದ್ಧವಾಗಿದೆ! ಪ್ರತಿಯೊಬ್ಬರೂ ಊಟ ಮಾಡಿಕೊಂಡೇ ಹೋಗಬೇಕಾಗಿ ವಿನಂತಿ!"

ಮೈಕಿಲ್ಲದೆಯೂ ನನ್ನ ದನಿ ಎರಡು ಓಣಿ ದಾಟುತ್ತದೆ. ಐದೇ ನಿಮಿಷದಲ್ಲಿ ಬಾಗಿಲ ಮುಂದೆ ಹೆಂಗಸರು, ಮಕ್ಕಳು, ಹೊಲಕ್ಕೆ ಹೊರಟಿದ್ದವರು. ಎದುರುಮನೆಯ ಅಜ್ಜ ನೀರಿನ ತಂಬಿಗೆಯನ್ನು ಸ್ವಂತ ಮನೆಯಿಂದಲೇ ತಂದು, "ಯಾವ ಪಂಕ್ತಿಗೆ ಕುಂದ್ರೂಣ್ರಿ?" ಎಂದು ಕೇಳಿದ. ಬಂದವರನ್ನು ಹಾಗೇ ಕಳಿಸಲಾಗದೆ ಹುಡುಗಿಯ ಅವ್ವ ಇದ್ದ ಅವಲಕ್ಕಿಯನ್ನು ಊರಿಗೆಲ್ಲ ಚಮಚದಲ್ಲಿ ಹಂಚಿದಳು.

ಆ ಗದ್ದಲದಲ್ಲಿ ನಮ್ಮಿಬ್ಬರಿಗೆ ಹಿತ್ತಲಲ್ಲಿ ಎರಡು ನಿಮಿಷ ಮಾತಾಡಲು ಬಿಟ್ಟರು. ಹುಡುಗಿ ನಗು ತಡೆದುಕೊಂಡು ನಿಂತಿದ್ದಳು. ನನಗೆ ಅವಳು ಬಹಳ ಹಿಡಿಸಿದಳು, ಮುಚ್ಚಿಡುವುದೇನಿದೆ.

"ಹೊರಗ ಇಷ್ಟ ಮಾತಾಡ್ತೀರಿ" ಎಂದಳು. "ಮನ್ಯಾಗ ಮಾತಾಡ್ತೀರೇನ್ರಿ?"

ಇಡೀ ದಿನ ಸಾವಿರ ಜನರ ಮುಂದೆ ಒದರಿ ಮನೆಗೆ ಬಂದರೆ ನಾನು ಅವ್ವನ ಜೊತೆ ಆಡುವುದು ಮೂರೇ ಮಾತು. ಊಟಾ ಹಾಕು, ಸಾಕು, ಮಲಗ್ತೀನಿ. ಇದನ್ನು ಇವಳು ಹೇಗೆ ಕಂಡುಹಿಡಿದಳು? ರಕ್ತ ತೆಗೆಯುವ ಮೊದಲೇ ರೋಗ ಗೊತ್ತಾಗಿತ್ತು.

"ವಿಚಾರ ಮಾಡಿ ಹೇಳ್ತೀನ್ರಿ" ಎಂದೆ.

"ಮಾತಾಡೋದರ ವಿಚಾರನೋ, ಲಗ್ನದ ವಿಚಾರನೋ?"

"ಎರಡೂ."

"ಮಾಡ್ರಿ. ಆದ್ರ ನಾ ಬಾಳ ದಿನಾ ಕಾಯೂದಿಲ್ಲ ಮತ್ತ."

ಹಿಂದಿರುಗುವಾಗ ಟೆಂಪೊದಲ್ಲಿ ಅವ್ವ "ಹೆಂಗ ಅನಸ್ತೋ?" ಎಂದು ಕೇಳಿದಳು. ನಾನು ಉತ್ತರ ಹುಡುಕುತ್ತಿರುವಾಗ ಡ್ರೈವರ್ ಕಾಕಾ ನಡುವೆ ಬಾಯಿ ಹಾಕಿದ. "ಎಲ್ಲಾ ಛಲೋ ಇತ್ತು. ಇವ ಒದರಲಾರದ ಇದ್ದಿದ್ರ ಅವಲಕ್ಕಿ ಇನ್ನೊಂದು ತಾಟು ಸಿಗತಿತ್ತು."

ವರನ ಹೆಸರು

ಅಂದಿನಿಂದ ನನ್ನ ವಿಚಾರ ಶುರುವಾಯಿತು. ಪ್ರತಿ ಲಗ್ನದಲ್ಲೂ ಹೆಸರು ಓದಲು ನನ್ನ ಕೈಗೆ ಒಂದು ಲಗ್ನಪತ್ರಿಕೆ ಕೊಡುತ್ತಾರಲ್ಲ, ಅದರ ಹಿಂಬದಿ ಖಾಲಿ ಇರುತ್ತದೆ. ನಡುವೆ ಒಂದು ಗೆರೆ ಎಳೆದು ಎಡಕ್ಕೆ "ಹೂಂ", ಬಲಕ್ಕೆ "ಬ್ಯಾಡ" ಎಂದು ಬರೆದೆ. ಆ ಲಗ್ನದಲ್ಲಿ ಕಂಡದ್ದನ್ನು ಯಾವುದೋ ಒಂದು ಕಡೆ ಬರೆಯುವುದು. ಸೀಸನ್ ಮುಗಿಯುವ ಹೊತ್ತಿಗೆ ಯಾವ ಕಡೆ ಹೆಚ್ಚಾಗುತ್ತದೋ ಹಾಗೆ ಮಾಡುವುದು. ಇಷ್ಟು ಬುದ್ಧಿವಂತಿಕೆಯ ಉಪಾಯ ನಮ್ಮ ವಂಶದಲ್ಲಿ ಯಾರಿಗೂ ಹೊಳೆದಿರಲಿಕ್ಕಿಲ್ಲ.

ಮೊದಲ ಪತ್ರಿಕೆ ಮೂಡಲಗಿಯದು. ಅಂತರಪಟ ಹಿಡಿದಿದ್ದರು, ಆ ಕಡೆ ಮದುಮಗಳು, ಈ ಕಡೆ ಮದುಮಗ. ಅಕ್ಕಿಕಾಳಿಗೆ, ಅಂದರೆ ಎಲ್ಲರೂ ಅಕ್ಷತೆ ಹಾಕಿ ಹರಸುವುದಕ್ಕೆ ಮೊದಲು ನಾನು ಹಿರಿಯರ ಹೆಸರು ಓದಬೇಕು. ಓದಿದೆ. ಓದುವ ಭರದಲ್ಲಿ ವರನ ದೊಡ್ಡಪ್ಪನಿಗಿಂತ ಮೊದಲು ಚಿಕ್ಕಪ್ಪನ ಹೆಸರು ಬಂತು.

ದೊಡ್ಡಪ್ಪ ಕೈಯಲ್ಲಿದ್ದ ಅಕ್ಕಿಯನ್ನು ನೆಲಕ್ಕೆ ಸುರಿದು ಎದ್ದು ನಿಂತ. "ನಾ ಸತ್ತೇನೇನ್ರಿ? ನಡೀರಿ ನಮ್ಮ ಮಂದಿ, ಮನಿಗೆ ಹೋಗೂಣು!"

ಅವನನ್ನು ಕೈಹಿಡಿದು ಕೂರಿಸಿ ಎರಡನೇ ಸಲ ಓದಿದೆ, ದೊಡ್ಡಪ್ಪ ಮೊದಲು. ಈಗ ಚಿಕ್ಕಪ್ಪ ಎದ್ದ. "ಮೊದಲ ನನ್ನ ಹೆಸರು ಓದಿ, ಆಮ್ಯಾಲ ತಗದು ಕೆಳಗ ಹಾಕಿದ್ರೆಲ್ಲ, ನಾಕು ಮಂದ್ಯಾಗ ನನ್ನ ಮರ್ಯಾದಿ ಏನಾತು?" ಮೂರನೇ ಸಲ ಇಬ್ಬರ ಹೆಸರನ್ನೂ ಒಂದೇ ಉಸಿರಿಗೆ ಓದಿದೆ. ಅಷ್ಟರಲ್ಲಿ ಹೆಣ್ಣಿನ ಸೋದರಮಾವ, "ಅವರದು ಮೂರು ಸಲ ಆತು, ನಮ್ಮದು ಒಂದ ಸಲ ಯಾಕ?" ಎಂದು ಅಡ್ಡ ಬಂದ. ನಾಲ್ಕನೇ ಸಲ ಎಲ್ಲರದನ್ನೂ ಮೊದಲಿನಿಂದ ಓದಿದೆ. ಭಟ್ಟರು ಗಡಿಯಾರ ನೋಡುತ್ತಿದ್ದರು. ಅಂತರಪಟ ಹಿಡಿದವರು ಕೈ ಬದಲಿಸುತ್ತಿದ್ದರು.

ಕೊನೆಗೆ ಅಂತರಪಟದ ಈ ಕಡೆಯಿಂದ ಒಂದು ಬಡಪಾಯಿ ದನಿ ಬಂತು. "ಸರ್, ನಂದು ಹೆಸರು ಓದಲಿಲ್ರಿ ಇನ್ನೂ."

ನಾಲ್ಕೂ ಸಲ ವರನ ಹೆಸರನ್ನೇ ಬಿಟ್ಟಿದ್ದೆ. ಆಶ್ಚರ್ಯವೆಂದರೆ ಅವನೊಬ್ಬನನ್ನು ಬಿಟ್ಟು ಮಂಟಪದಲ್ಲಿ ಯಾರಿಗೂ ಅದು ಗೊತ್ತಾಗಿರಲಿಲ್ಲ. "ಬ್ಯಾಡ" ಎಂಬ ಕಡೆ ದಪ್ಪಗೆ ಬರೆದುಕೊಂಡೆ.

ರೊಟ್ಟಿಯ ಗಂಟು

ಡ್ರೈವರ್ ಕಾಕಾ ನಮ್ಮ ಓಣಿಯವನೇ. ಲಗ್ನವಾಗಿ ಮೂವತ್ತು ವರ್ಷ ಆಗಿದೆ. ಅನುಭವಸ್ಥ, ಇವನನ್ನೇ ಕೇಳೋಣವೆಂದು ಒಂದು ಮುಂಜಾನೆ ಹುಕ್ಕೇರಿ ದಾರಿಯಲ್ಲಿ ಕೇಳಿದೆ. "ಕಾಕಾ, ಖರೆ ಹೇಳು. ಲಗ್ನ ಮಾಡ್ಕೊಳ್ಳೋದು ಛಲೋನೋ, ಹಿಂಗ ಇರೋದು ಛಲೋನೋ?"

ಕಾಕಾ ಗೇರು ಬದಲಿಸಿದ. ಘಟಪ್ರಭಾ ಮುಟ್ಟಿದೆವು. ಆಗ ಅವನ ಫೋನು ಬಡಿದುಕೊಂಡಿತು. ಆ ಕಡೆಯಿಂದ ಅವನ ಹೆಂಡತಿ ಕಾಕುವಿನ ಮಾತು, ಈ ಕಡೆಯಿಂದ ಬರೀ "ಹೂಂ, ಹೂಂ, ಹೂಂ." ಫೋನ್ ಇಟ್ಟವನೇ ಟೆಂಪೊ ತಿರುಗಿಸಿ ಗೋಕಾಕದ ಕಡೆ ಮುಖ ಮಾಡಿದ.

"ಏನಾತು ಕಾಕಾ? ಯಾರಿಗಾರ ಆರಾಮಿಲ್ಲೇನು?"

"ರೊಟ್ಟಿ ಗಂಟು ಮನ್ಯಾಗ ಬಿಟ್ಟ ಬಂದೇನಿ."

ನಾನು ತಲೆ ತಲೆ ಚಚ್ಚಿಕೊಂಡೆ. "ಲಗ್ನಕ್ಕ ಹೊಂಟೇವಿ ಕಾಕಾ! ಹುಗ್ಗಿ ಅದ, ಬದನಿಕಾಯಿ ಪಲ್ಯಾ ಅದ, ಅಲ್ಲೇ ಉಣ್ಣು!"

"ಉಣತೇನಲ್ಲ. ಆದ್ರ ಸಂಜೀಕ ಅಕಿ ಕೇಳ್ತಾಳ, ರೊಟ್ಟಿ ಮೆತ್ತಗಿದ್ದುವೋ ಇಲ್ಲೋ ಅಂತ. ನನಗ ಸುಳ್ಳ ಹೇಳಾಕ ಬರಂಗಿಲ್ಲ."

ಹಿಂದಕ್ಕೆ ಹೋಗಿ ಗಂಟು ತಂದೆವು. ಹುಕ್ಕೇರಿ ಮುಟ್ಟಿದಾಗ ಮಂಟಪದ ಹಿರಿಯರು ಬಾಗಿಲಲ್ಲೇ ನಿಂತು ನನ್ನ ಮುತ್ತಜ್ಜನವರೆಗೂ ಎಲ್ಲರನ್ನೂ ನೆನೆದರು. ನಾನು ಬೈಸಿಕೊಳ್ಳುತ್ತಿದ್ದಾಗ ಕಾಕಾ ಟೆಂಪೊದ ನೆರಳಲ್ಲಿ ಗಂಟು ಬಿಚ್ಚಿ, ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಸಾವಕಾಶವಾಗಿ ಮುಗಿಸಿದ. ಆಮೇಲೆ ಕೈ ತೊಳೆದು ಎರಡನೇ ಪಂಕ್ತಿಗೆ ಹೋಗಿ ಹುಗ್ಗಿಗೂ ಕುಳಿತ.

ಸಂಜೆ ಆ ಲಗ್ನಪತ್ರಿಕೆಯ ಹಿಂಬದಿ ತೆಗೆದರೆ ನನ್ನ ಪೆನ್ನೇ ಓಡಲಿಲ್ಲ. ಮೂವತ್ತು ವರ್ಷವಾದ ಮೇಲೂ ಒಂದು ರೊಟ್ಟಿಗಾಗಿ ಹಿಂದಕ್ಕೆ ಹೋಗಬೇಕಾದ ಗತಿ. ಮೂವತ್ತು ವರ್ಷವಾದ ಮೇಲೂ ರೊಟ್ಟಿ ಮೆತ್ತಗಿತ್ತೋ ಎಂದು ಕೇಳುವವಳೊಬ್ಬಳು. ಕೊನೆಗೆ ಎರಡೂ ಕಡೆ ಬರೆದೆ. ಕಾಕಾನನ್ನು ಮತ್ತೆ ಕೇಳೋಣವೆಂದು ತಿರುಗಿದರೆ, "ನೀ ಮುಂಜಾನೆ ಏನೋ ಕೇಳಿದ್ದೆಲ್ಲ, ಏನದು?" ಎಂದ.

ಬಾಸಿಂಗ ಕಟ್ಟಿಕೊಂಡು ಬಂದವನು

ಬೇಸಿಗೆ ಬಲಿಯಿತು, ಪತ್ರಿಕೆಗಳ ಕಟ್ಟು ದಪ್ಪವಾಯಿತು. ಬಾಗೇವಾಡಿಯಿಂದ ಹುಡುಗಿಯ ಅಪ್ಪ ಎರಡು ಸಲ ಅವ್ವನಿಗೆ ಫೋನ್ ಮಾಡಿದ. ಎರಡೂ ಸಲ ನಾನು "ವಿಚಾರ ಮಾಡಾಕತ್ತೇನಿ ಅಂತ ಹೇಳು" ಎಂದೆ. ಆಮೇಲೆ ಅವನ ಫೋನು ಬರುವುದು ನಿಂತಿತು. ತಿಳಿದ ಮಂದಿ, ಅವಸರ ಮಾಡುವುದಿಲ್ಲ ಎಂದು ನನಗೆ ಅವರ ಮೇಲಿನ ಗೌರವ ಹೆಚ್ಚಾಯಿತು.

ಆ ದಿನಗಳಲ್ಲೇ ಗೋಕಾಕದ ಒಂದು ಲಗ್ನ. ಅಕ್ಕಿಕಾಳಿಗೆ ಅರ್ಧ ಗಂಟೆ ಇತ್ತು. ಸ್ಪೀಕರ್ ಡಬ್ಬಿಯ ಹಿಂದೆ ವೈರು ಜೋಡಿಸುತ್ತಿದ್ದೆ. ಬಾಸಿಂಗ ಕಟ್ಟಿಕೊಂಡ ಮದುಮಗ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತ. ಮುಖದ ತುಂಬ ಬೆವರು.

"ಸರ್, ನೀವು ಇಷ್ಟು ಲಗ್ನಾ ನೋಡೀರಿ. ಮಾಡ್ಕೊಳ್ಳೋದು ಛಲೋ ಐತೇನ್ರಿ?"

ಬಾಸಿಂಗ ಕಟ್ಟಿದ ಮೇಲೆ ಕೇಳುವ ಪ್ರಶ್ನೆಯೇ ಇದು? ಆದರೆ ನನ್ನ ಚೀಲದಲ್ಲಿ ಪತ್ರಿಕೆಗಳ ಕಟ್ಟಿತ್ತು. ಇಷ್ಟು ದಿನದ ನನ್ನ ಪರಿಶ್ರಮವನ್ನು ಯಾರಾದರೂ ಕೇಳಲಿ ಎಂದು ಒಳಗೊಳಗೇ ಆಸೆಯೂ ಇತ್ತು. ತೆಗೆದು ಓದತೊಡಗಿದೆ. ನಾಲ್ಕನೇ ಪತ್ರಿಕೆಗೆ ಬರುವಷ್ಟರಲ್ಲಿ ಹಸಿರು ಬಳೆ ತೊಟ್ಟ ಕೈಯೊಂದು ಡಬ್ಬಿಯ ಮೇಲೆ ಬಂತು. ಮದುಮಗಳು.

"ಇವ್ರ ಎಲ್ಲಿ ಹ್ವಾದ್ರು ಅಂತ ಹುಡಕಾಕತ್ತಿದ್ನಿ" ಎಂದಳು. ಗದರುತ್ತಾಳೆ ಎಂದುಕೊಂಡೆ. ಅವಳು ಸೀರೆ ಎತ್ತಿಕೊಂಡು ಅಲ್ಲೇ ಕುಳಿತಳು. "ಮೊದಲಿಂದ ಓದ್ರಿ. ನಂಗೂ ಅದ ಚಿಂತಿ ಹತ್ತೈತಿ."

ಓದಿದೆ. ದೊಡ್ಡಪ್ಪ ಚಿಕ್ಕಪ್ಪನ ಜಗಳಕ್ಕೆ ಇಬ್ಬರೂ ನಕ್ಕರು. ರೊಟ್ಟಿ ಗಂಟಿನ ಕತೆಗೆ ಅವನು ಅವಳ ಮುಖ ನೋಡಿದ. ಎಲ್ಲ ಮುಗಿದ ಮೇಲೆ ಮದುಮಗ ನಿಟ್ಟುಸಿರು ಬಿಟ್ಟು, "ಅಂದ್ರ ಎಲ್ಲಾರದೂ ಹಿಂಗ ಅಂತಾತು. ನಮಗೊಬ್ಬರಿಗೇ ಅಲ್ಲ. ನಡಿ ಹಂಗಾರ" ಎಂದು ಅವಳಿಗೆ ಕೈಕೊಟ್ಟು ಎಬ್ಬಿಸಿದ. ಇಬ್ಬರೂ ನಗುತ್ತ ಮಂಟಪಕ್ಕೆ ಹೋದರು.

ಹೋಗುವಾಗ ಮದುಮಗಳು ತಿರುಗಿ ಕೇಳಿದಳು. "ಸರ್, ಇಷ್ಟೆಲ್ಲಾ ಬರದೀರಿ, ನಿಮಗ ಮಕ್ಕಳ ಎಷ್ಟ್ರಿ?"

ಕುರಿ ಹೊರಗೆ ನಿಂತಿದ್ದವು

ಆಷಾಢ ಬಂತು, ಲಗ್ನಗಳು ನಿಂತವು. ಒಂದು ಗುರುವಾರ ಮುಂಜಾನೆ ಕಟ್ಟು ಬಿಚ್ಚಿ ಎಡ ಎಷ್ಟು ಬಲ ಎಷ್ಟು ನೋಡಿಬಿಡೋಣವೆಂದು ಹುಡುಕಿದರೆ ಕಟ್ಟು ಇಲ್ಲ. ಬಚ್ಚಲಿನಿಂದ ಅವ್ವನ ದನಿ ಬಂತು. "ಬಾರೋ, ನೀರ ಚಂದ ಕಾದಾವು, ಜಳಕಾ ಮಾಡು."

ಹಂಡೆಯ ಒಲೆಯಲ್ಲಿ ನನ್ನ ನಾಲ್ಕು ತಿಂಗಳ ವಿಚಾರ ಧಗಧಗ ಉರಿಯುತ್ತಿತ್ತು. ಪತ್ರಿಕೆಗಳ ಮೇಲಿದ್ದ ಗಣಪತಿ, ಬಸವಣ್ಣನ ಚಿತ್ರಗಳನ್ನು ಮಾತ್ರ ಅವ್ವ ಜೋಪಾನವಾಗಿ ಹರಿದು ದೇವರ ಜಗಲಿಯ ಮೇಲಿಟ್ಟಿದ್ದಳು.

"ಅವ್ವಾ, ಏನ ಮಾಡ್ದಿ ಇದು!"

"ಎಲ್ಲಾ ಆಗಿ ಹ್ವಾದ ಲಗ್ನದ ಕಾಗದಾ. ಮಂದಿ ಲಗ್ನಾ ಕಟ್ಟಿ ಇಟ್ಕೊಂಡು ನೀ ಏನ ಮಾಡಾವ?"

ನಾನು ಒಲೆಯ ಮುಂದೆಯೇ ಕುಸಿದು ಕುಳಿತು ಎಲ್ಲವನ್ನೂ ಹೇಳಿದೆ, ಹೂಂ, ಬ್ಯಾಡ, ನಡುವಿನ ಗೆರೆ. ನಮ್ಮ ಮನೆಯಲ್ಲಿ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಅವ್ವ ಕಟ್ಟಿಗೆ ಸರಿಸುತ್ತ ಕೇಳಿದಳು. ನಮ್ಮಪ್ಪ ತೀರಿಕೊಂಡು ಆರು ವರ್ಷ, ಜೀವನವೆಲ್ಲ ಕುರಿ ಕಾಯ್ದವನು. ಅವ್ವನ ತವರು ಕೌಜಲಗಿ.

"ನಿಮ್ಮಪ್ಪ ನನ್ನ ನೋಡಾಕ ಬಂದಾಗ ಕುರಿ ಹೊರಗ ನಿಂತಿದ್ವು" ಎಂದಳು. "ಹಿಂಡ ಬಿಟ್ಟು ಬರಾಕ ಆಗಲಾರದ ಸಂಗಾಟ ಹೊಡಕೊಂಡ ಬಂದಿದ್ದ. ನನ್ನ ಮಾರಿ ಅರ್ಧಾ ನೋಡ್ಯಾನೋ ಇಲ್ಲೋ, ಕುರಿ ಮುಂದ ಹೋಗಾಕ ಹತ್ತಿದ್ವು. 'ಹೂಂ, ನನಗ ಒಪ್ಪಿಗಿ' ಅಂದವನೇ ಕಂಬಳಿ ಹೆಗಲಿಗೆ ಹಾಕ್ಕೊಂಡು ಓಡಿದ. ಮಾಡಿದ ಚಹಾ ಹಂಗ ಉಳೀತು."

"ಆಮ್ಯಾಲ ಯಾವಾಗರ ಪಶ್ಚಾತ್ತಾಪ ಆತೇನ ಅಪ್ಪಗ?"

"ಆತಲ್ಲ. ಆ ಚಹಾ ಕುಡದು ಬರಬೇಕಿತ್ತು ಅಂತ ಸಾಯೂತನಕಾ ಅಂತಿದ್ದ."

ಐತವಾರ

ಬಿಸಿನೀರು ತಲೆಯ ಮೇಲೆ ಬಿದ್ದಾಗ ನನ್ನ ನಿರ್ಧಾರವಾಯಿತು. ಹೂಂ. ಹದಿನಾಲ್ಕು ವರ್ಷದಲ್ಲಿ ನನಗೆ ಅಷ್ಟು ಹಗುರ ಎನಿಸಿರಲಿಲ್ಲ. ಅವ್ವ "ಈಗ ಫೋನ್ ಮಾಡು" ಎಂದಳು. "ಫೋನಿನ್ಯಾಗ ಬ್ಯಾಡವ್ವಾ, ಎದುರಿಗೆ ನಿಂತು ಹೇಳ್ತೀನಿ" ಎಂದೆ. ಆಷಾಢದಲ್ಲಿ ಶುಭದ ಮಾತು ಬೇಡವೆಂದು ಶ್ರಾವಣಕ್ಕೆ ಹಾಕಿದೆ. ಶ್ರಾವಣ ಬಂದಾಗ, ಸೋಮವಾರ ಒಳ್ಳೆಯ ದಿನ, ಮೊದಲ ಸೋಮವಾರವೇ ಹೋಗೋಣ ಎಂದೆ. ಅದರ ಹಿಂದಿನ ಐತವಾರ ಹುಕ್ಕೇರಿಯಲ್ಲಿ ಒಂದು ಲಗ್ನವಿತ್ತು. ಮಂಗಲ ಕಾರ್ಯಾಲಯದ ಮ್ಯಾನೇಜರ್ ಫೋನ್ ಮಾಡಿ, "ಹೆಣ್ಣಿನ ಕಡ್ಯಾರು ನೀವ ಬೇಕ ಅಂತ ಹಟಾ ಹಿಡದಾರ್ರಿ" ಎಂದಿದ್ದ. ಹೆಸರು ಕೆಟ್ಟಿಲ್ಲ ನಮ್ಮದು ಎಂದು ಹಿಗ್ಗಿದೆ.

ನನ್ನ ಪದ್ಧತಿ ಎಂದರೆ ವೇದಿಕೆ ಹತ್ತಿದ ಮೇಲೆಯೇ ಪತ್ರಿಕೆ ಬಿಚ್ಚುವುದು. ಮೊದಲೇ ಓದಿದರೆ ದನಿಯಲ್ಲಿ ಹುರುಪು ಬರುವುದಿಲ್ಲ. ಅಂದೂ ಹಾಗೆಯೇ ಮೈಕು ಹಿಡಿದು, ಪತ್ರಿಕೆ ಬಿಚ್ಚಿ, ಮೂಡಲಗಿಯ ಪಾಠ ನೆನಪಿಟ್ಟು ವರನ ಹೆಸರಿನಿಂದಲೇ ಶುರುಮಾಡಿದೆ. ಮುಗಿಸಿ ವಧುವಿನ ಕಡೆ ಬಂದೆ. "ಬೆಲ್ಲದ ಬಾಗೇವಾಡಿಯ..." ಎಂದೆ. ಮುಂದೆ ಅವಳಪ್ಪನ ಹೆಸರಿತ್ತು. ಅದರ ಮುಂದೆ ಅವಳದು.

ನಾಲ್ಕು ಡಬ್ಬಿಗಳೂ ಒಮ್ಮೆಗೇ ಮೂಕವಾದವು. ಕೆಳಗಿನಿಂದ ಯಾರೋ "ಕರೆಂಟ್ ಹ್ವಾತೇನ್ರೋ?" ಎಂದರು. ಡ್ರೈವರ್ ಕಾಕಾ ಓಡಿಹೋಗಿ ವೈರು ಅಲುಗಿಸಿದ. ನಾನು ಉಳಿದದ್ದನ್ನು ಓದಿದೆ. ಅಕ್ಕಿಕಾಳು ಬಿದ್ದವು. ನನ್ನ ಕೈಯಲ್ಲೂ ಒಂದು ಹಿಡಿ ಇತ್ತು, ನಾನೂ ಹಾಕಿದೆ.

ನಮ್ಮ ಕಡೆ ಅಕ್ಕಿಕಾಳಾದ ಮೇಲೆ ಒಡಪು ಹೇಳಿಸುವ ಪದ್ಧತಿ. ಪ್ರಾಸ ಕಟ್ಟಿ ಗಂಡನ ಹೆಸರನ್ನು ಹೆಂಡತಿ ಎಲ್ಲರೆದುರು ಹೇಳಬೇಕು. ಅವಳ ಬಾಯಿಗೆ ಮೈಕು ಹಿಡಿಯುವವನು ನಾನೇ. ಹಿಡಿದೆ. ಅವಳು ಒಡಪು ಹೇಳುವ ಮೊದಲು ತಲೆಯೆತ್ತಿ ನನ್ನನ್ನು ನೋಡಿ ಮೆಲ್ಲಗೆ ಕೇಳಿದಳು.

"ವಿಚಾರ ಮಾಡೋದು ಮುಗೀತೇನ್ರಿ, ಸರ್?"

ಅವಳ ಮಟ್ಟಿಗೆ ಅದು ಮೆಲ್ಲಗೆ. ಮೈಕು ಬಲ್ಲುದೇ? ಮಾತು ನಾಲ್ಕೂ ಡಬ್ಬಿಯಿಂದ ಹೊರಬಿದ್ದು ಮಂಟಪದ ಕೊನೆಯ ಗೋಡೆಗೆ ಬಡಿಯಿತು. ಒಂಬೈನೂರು ಜನ ನನ್ನ ಕಡೆ ತಿರುಗಿದರು. ಆಗ ಮೈಕಿನ ಗುಂಡಿ ಒತ್ತಿ ಬಂದ್ ಮಾಡಬಹುದಿತ್ತು. ಆದರೆ ಮೈಕು ಕೈಯಲ್ಲಿದ್ದಾಗ ಕೇಳಿದ್ದಕ್ಕೆ ಉತ್ತರ ಕೊಟ್ಟು ರೂಢಿ. ಅದನ್ನು ನನ್ನ ಬಾಯಿಗೆ ತಂದುಕೊಂಡು, ಖಣಖಣ ಎನ್ನುವ ದನಿಯಲ್ಲಿ ಹೇಳಿದೆ.

"ಮುಗೀತ್ರಿ. ಸೋಮವಾರ ಬಂದು ಹೂಂ ಅಂತ ಹೇಳಾವ ಇದ್ನಿ."

ಅವಳು ನನ್ನ ಕೈಯಿಂದ ಮೈಕನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

"ಇವತ್ತ ಐತವಾರ ಐತ್ರಿ."

ಮಂಟಪ ಬಿದ್ದು ಬಿದ್ದು ನಕ್ಕಿತು. ಭಟ್ಟರು ನಕ್ಕರು, ಮದುಮಗ ಬಾಸಿಂಗ ಹಿಡಿದುಕೊಂಡು ನಕ್ಕ. ನನಗೂ ನಗು ಬಂತು, ಅದೇ ನನ್ನ ದುರ್ದೈವ. ನಗು ಅಡಗಿದ ಮೇಲೆ ಅವಳು ಒಡಪು ಹೇಳಿದಳು. "ಗೋಕಾಕದ ಕರದಂಟು ಹಲ್ಲಿಗೆ ಬಾಳ ಗಟ್ಟಿ, ನೋಡಿದ ದಿನಾನ ಹೂಂ ಅಂದ್ರು ಇವ್ರು, ಮನಸು ಅದಕ್ಕಿಂತ ಗಟ್ಟಿ." ನಡುವೆ ಅವನ ಹೆಸರನ್ನೂ ಸೇರಿಸಿದಳು. ಚಪ್ಪಾಳೆ ಬಿತ್ತು. ನಾನು "ಬಂಧುಗಳೇ, ಊಟದ ವ್ಯವಸ್ಥೆ ಸಿದ್ಧವಾಗಿದೆ" ಎಂದೆ.

ನನಗೆ ಊಟ ಸೇರಲಿಲ್ಲ. ಟೆಂಪೊದ ಹಿಂದೆ ಹೋಗಿ ಕುಳಿತೆ. ಕಾಕಾ ಗಂಟು ಬಿಚ್ಚಿ ಎರಡು ರೊಟ್ಟಿ ನನ್ನ ಮುಂದಿಟ್ಟ. ಖರೆ ಹೇಳುತ್ತೇನೆ, ಬಹಳ ಮೆತ್ತಗಿದ್ದವು.

ಸಂಜೆ ಮನೆಗೆ ಬಂದಾಗ ಅವ್ವ ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಮಡಿಕೆ ಬಿಡಿಸುತ್ತ ಕುಳಿತಿದ್ದಳು. "ನಾಳೆ ಸೋಮವಾರ. ಬಾಗೇವಾಡಿಗೆ ಎಷ್ಟೊತ್ತಿಗೆ ಹೋಗೂಣು?" ಎಂದು ಕೇಳಿದಳು.

"ಬ್ಯಾಡವ್ವಾ" ಎಂದೆ. "ಕುರಿ ಮುಂದ ಹ್ವಾದುವು."

ಅವ್ವ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕೇಳಿದಳು. "ಎಲ್ಲಾ ಹ್ವಾದುವೇನೋ? ಹಿಂದ ಒಂದಾರ ಉಳದೈತೇನ ನೋಡು."